ಕ್ಯಾಶ್ ಆದೇಶ ಮತ್ತು ಕಾಲದ ಹಂಚಿಕೆ

ಕಾರ್ಖಾನೆಯ ರೋಬಾಟ್ ತೋಳನ್ನು ನಿಯಂತ್ರಿಸುವ ಗಣಕದ ಲೆಕ್ಕ ಸರಿಯಾಗಿದ್ದರಷ್ಟೇ ಸಾಲದು, ಅದರ ಉತ್ತರ ಗಡುವಿನೊಳಗೇ ದೊರೆಯಬೇಕು. ಇಂಥ ಗಣಕಗಳಿಗೆ ರಿಯಲ್‌ಟೈಮ್ ವ್ಯವಸ್ಥೆಗಳೆಂದು ಹೆಸರು. ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶದ ನೆರವಿನಿಂದ ಇಂಥ ನಿಯಂತ್ರಣ ವ್ಯವಸ್ಥೆಯನ್ನೂ ಮಾಹಿತಿ ತೋರಿಸುವ ಸಾಮಾನ್ಯ ಕಾರ್ಯಾಚರಣಾ ವ್ಯವಸ್ಥೆಯನ್ನೂ ಎರಡು ವರ್ಚುವಲ್ ಯಂತ್ರಗಳಾಗಿ ಒಂದೇ ಪ್ರೊಸೆಸರಿನ ಮೇಲೆ ನಡೆಸಬಹುದು. ಆಗ ಒಂದೊಂದಕ್ಕೆ ಬೇರೆ ಬೇರೆ ಕೋರ್‌ಗಳನ್ನು ಮೀಸಲಿಟ್ಟರೂ ಕೊನೆಯ ಹಂತದ ಕ್ಯಾಶ್ ಸಾಮಾನ್ಯವಾಗಿ ಎರಡಕ್ಕೂ ಒಂದೇ ಆಗಿರುತ್ತದೆ.

ಮುಖ್ಯ ಸ್ಮೃತಿಯಿಂದ ತಂದ ದತ್ತಾಂಶವನ್ನು ಪ್ರೊಸೆಸರ್ ತನ್ನ ಸಮೀಪದಲ್ಲೇ ಇರಿಸಿಕೊಳ್ಳುವ ಪುಟ್ಟ, ವೇಗದ ಸ್ಮೃತಿಯೇ ಕ್ಯಾಶ್. ಅದರಲ್ಲಿ ಬದಲಾದ ದತ್ತಾಂಶ ಕೂಡಲೇ ಮುಖ್ಯ ಸ್ಮೃತಿಗೆ ಮರಳದಿರಬಹುದಾದ್ದರಿಂದ, ಇಂಟೆಲ್ 1989ರ 80486 ಪ್ರೊಸೆಸರಿನಲ್ಲಿ ಎರಡು ಆದೇಶಗಳನ್ನು ಒದಗಿಸಿತು. ಡಬ್ಲ್ಯೂಬಿಐಎನ್‌ವಿಡಿ ಬದಲಾದುದೆಲ್ಲವನ್ನೂ ಮುಖ್ಯ ಸ್ಮೃತಿಗೆ ಬರೆದು ಕ್ಯಾಶನ್ನು ಬರಿದು ಮಾಡಿದರೆ, ಐಎನ್‌ವಿಡಿ ಬರೆಯದೆಯೇ ಅಳಿಸಿಬಿಡುತ್ತದೆ.

ಇಂದಿನ ದೊಡ್ಡ ಕ್ಯಾಶ್‌ಗಳಲ್ಲಿ ಮೊದಲನೆಯ ಆದೇಶವೂ ದುಬಾರಿಯೇ. 32 ಮೆಗಾಬೈಟ್ ಕ್ಯಾಶಿನಲ್ಲಿ 64 ಬೈಟ್‌ಗಳ ಐದು ಲಕ್ಷಕ್ಕೂ ಹೆಚ್ಚು ಸಾಲುಗಳಿರುತ್ತವೆ. ಅವೆಲ್ಲವೂ ಬದಲಾಗಿದ್ದು, ಸ್ಮೃತಿಗೆ ಸೆಕೆಂಡಿಗೆ 16 ಗಿಗಾಬೈಟ್ ಬರೆಯಬಹುದೆಂದಿಟ್ಟುಕೊಂಡರೆ, ಕೆಲಸ ಮುಗಿಯಲು ಸುಮಾರು 2 ಮಿಲಿಸೆಕೆಂಡ್ ಬೇಕು. ಪ್ರತಿ ಮಿಲಿಸೆಕೆಂಡಿಗೊಮ್ಮೆ ಮೋಟಾರಿಗೆ ಸೂಚನೆ ಕಳುಹಿಸಬೇಕಾದ ಯಂತ್ರಕ್ಕೆ ಇದು ತಾಳಲಾಗದ ವಿಳಂಬ. ಆದೇಶ ಕೊಟ್ಟ ಕೋರ್ ಆ ಅವಧಿಯಲ್ಲಿ ಹೊರಗಿನ ತುರ್ತು ಸಂಕೇತಗಳಿಗೆ ತಡವಾಗಿ ಸ್ಪಂದಿಸುತ್ತದೆಯಲ್ಲದೆ, ನೆರೆಯ ಯಂತ್ರದ ದತ್ತಾಂಶವೂ ಹಂಚಿಕೆಯ ಕ್ಯಾಶಿನಿಂದ ಹೊರಬೀಳುತ್ತದೆ. ಕ್ಯಾಶಿನ ಭಾಗಗಳನ್ನು ಕೋರ್‌ಗಳಿಗೆ ಹಂಚಿಕೊಡುವ ಇಂಟೆಲ್‌ನ ಸೌಲಭ್ಯವೂ ಇಲ್ಲಿ ಕಾಪಾಡಲಾರದು; ಹೊಸ ದತ್ತಾಂಶ ಎಲ್ಲಿ ಸೇರಬೇಕೆಂಬುದನ್ನು ಅದು ನಿರ್ಬಂಧಿಸುತ್ತದೆಯೇ ಹೊರತು ಇಡೀ ಕ್ಯಾಶ್ ಬರಿದಾಗುವುದನ್ನು ತಡೆಯುವುದಿಲ್ಲ.

ಆದ್ದರಿಂದ ಹೈಪರ್‌ವೈಸರ್ ಈ ಆದೇಶಗಳನ್ನು ನಡುವೆಯೇ ತಡೆದು ಪರಿಶೀಲಿಸಬೇಕಾಗುತ್ತದೆ. ಐಎನ್‌ವಿಡಿಯನ್ನು ಯಥಾವತ್ತಾಗಿ ನಡೆಸಿದರೆ ಇತರ ಯಂತ್ರಗಳ ಇನ್ನೂ ಬರೆಯದ ದತ್ತಾಂಶವೇ ನಾಶವಾಗುವುದರಿಂದ, ಲಿನಕ್ಸ್‌ನ ಕೆವಿಎಂ ಹೈಪರ್‌ವೈಸರ್ ಅದನ್ನು ಏನೂ ಮಾಡದೆ ದಾಟಿಸಿಬಿಡುತ್ತದೆ. ಡಬ್ಲ್ಯೂಬಿಐಎನ್‌ವಿಡಿಯ ವಿಷಯದಲ್ಲಿ ಅದು ಸಾಧನಗಳನ್ನು ಗಮನಿಸುತ್ತದೆ. ಪ್ರೊಸೆಸರಿನ ನೆರವಿಲ್ಲದೆ ಸಾಧನವೇ ಸ್ಮೃತಿಯನ್ನು ಓದಿ ಬರೆಯುವ ಕ್ರಮಕ್ಕೆ ಡಿಎಂಎ ಎಂದು ಹೆಸರು. ಡಿಎಂಎ ವೇಳೆ ಕ್ಯಾಶನ್ನು ಪರಿಶೀಲಿಸದ ಗ್ರಾಫಿಕ್ಸ್‌ನಂತಹ ಸಾಧನವನ್ನು ಆ ಯಂತ್ರಕ್ಕೆ ನೇರವಾಗಿ ವಹಿಸಿದ್ದರೆ ಮಾತ್ರ ಆದೇಶ ನಿಜವಾಗಿ ನಡೆಯಬೇಕು, ಇಲ್ಲವಾದರೆ ಅದನ್ನು ಕೈಬಿಟ್ಟರೂ ಹಾನಿಯಿಲ್ಲ.

ರಿಯಲ್‌ಟೈಮ್ ವ್ಯವಸ್ಥೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಇಡೀ ಕ್ಯಾಶನ್ನು ಬರಿದು ಮಾಡುವ ಬದಲು, ಆದೇಶ ಕೊಟ್ಟ ಯಂತ್ರಕ್ಕೆ ಸೇರಿದ ಸ್ಮೃತಿಯ ವಿಳಾಸಗಳನ್ನಷ್ಟೇ ಸಿಎಲ್‌ಫ್ಲಶ್ ಆದೇಶದಿಂದ ಸಾಲುಸಾಲಾಗಿ ಬರೆಯಿಸಿದರೆ, ಒಟ್ಟು ಕೆಲಸ ಹೆಚ್ಚಾದರೂ ನಡುನಡುವೆ ತುರ್ತು ಸಂಕೇತಗಳಿಗೆ ಸ್ಪಂದಿಸಬಹುದು, ನೆರೆಯವರ ದತ್ತಾಂಶವೂ ಉಳಿಯುತ್ತದೆ.

ವರ್ಚುವಲ್ ಯಂತ್ರಗಳ ಸ್ಮೃತಿಯನ್ನು ಪ್ರತ್ಯೇಕಿಸುವುದರಿಂದ ರಹಸ್ಯ ಉಳಿಯುತ್ತದೆ, ಆದರೆ ಗಡುವು ಉಳಿಯಬೇಕಾದರೆ ಕಾಲವನ್ನೂ ಪ್ರತ್ಯೇಕಿಸಬೇಕು. ಹಾಗಾಗಿ ಯಾವ ಸಾಧನವನ್ನು ಯಾವ ಯಂತ್ರಕ್ಕೆ ವಹಿಸಬೇಕೆಂಬುದನ್ನು ವಿನ್ಯಾಸಕಾರರು ಆರಂಭದಲ್ಲೇ, ಕ್ಯಾಶನ್ನೂ ಗಣನೆಗೆ ತೆಗೆದುಕೊಂಡು ನಿರ್ಧರಿಸುವುದು ಅವಶ್ಯ.