ಸೊಂಟ ಹಿಡಿದರೆ ಹಾಸಿಗೆ ಹಿಡಿಯಬೇಕೆ?

ಕೊಡ ಎತ್ತುವಾಗ ಸೊಂಟ ಹಿಡಿದುಕೊಂಡರೆ ವಾರಗಟ್ಟಲೆ ಮಲಗಿರಬೇಕು ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ.

ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ 186 ನೌಕರರ ಸೊಂಟನೋವಿನ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳುವಷ್ಟು ನಿತ್ಯದ ಕೆಲಸ ಸೂಚಿಸಲಾಗಿತ್ತು. ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಎಲ್ಲರಿಗಿಂತ ನಿಧಾನವಾದದ್ದು ಮಲಗಿದವರಿಗೆ. ಬಹಳ ದಿನ ಮಲಗಿದರೆ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ.

ಆದ್ದರಿಂದ ಭಾರ ಎತ್ತದೆ, ಮೆಲ್ಲಗೆ ಓಡಾಡಿ. ಬಿದ್ದು ಪೆಟ್ಟಾಗಿದ್ದರೆ, ಜ್ವರವಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ ಬೆಳಗಿನವರೆಗೂ ಕಾಯಬೇಡಿ. ನರಗಳು ಒತ್ತಿಹೋಗಿರಬಹುದು; ಕೂಡಲೇ ಆಸ್ಪತ್ರೆಗೆ ಹೋಗಿ.