ಆಟದ ವರದಿಯೂ ವರದಿಯ ಆಟವೂ

ಟ್ರಾನ್ಸಿಸ್ಟರಿನ ಕಾಲದಲ್ಲಿ ಗೋಣಿಬೀಡಿಗೆ ಕ್ರಿಕೆಟ್ ಎರಡು ಸಲ ಬರುತ್ತಿತ್ತು. ಮೊದಲ ಸಲ ಆಕಾಶವಾಣಿಯ ವೀಕ್ಷಕ ವಿವರಣೆಯಾಗಿ. ಎರಡನೆಯ ಸಲ, ಮರುದಿನ ಬಸ್ಸಿನಿಂದ ಇಳಿಯುವ ವೃತ್ತಪತ್ರಿಕೆಯ ಕಟ್ಟಿನೊಳಗೆ. ಮೂಡಿಗೆರೆ ತಾಲ್ಲೂಕಿನ ಈ ಊರಿನಲ್ಲಿ ಅಂಗಡಿಯ ಜಗಲಿಯ ಮೇಲೆ ರೇಡಿಯೋ ಇಟ್ಟುಕೊಂಡು ಹತ್ತು ಹನ್ನೆರಡು ಮಂದಿ ಕುಳಿತರೆ, ಅವರಲ್ಲಿ ಇಂಗ್ಲಿಷ್ ಬಲ್ಲವನೊಬ್ಬ ಉಳಿದವರಿಗೆ ಅರ್ಥ ಹೇಳಬೇಕಾಗುತ್ತಿತ್ತು. ವಿಶ್ವನಾಥ್ ಬೌಂಡರಿ ಬಾರಿಸಿದಾಗ ವಿವರಣೆಕಾರ ಒಂದು ವಾಕ್ಯ ಆಡಿದರೆ ನಮ್ಮವನು ಅದನ್ನು ನಾಲ್ಕು ಮಾಡುತ್ತಿದ್ದ. ವಿಶ್ವನಾಥ್ ಔಟಾದಾಗ, ವಿವರಣೆಕಾರ ಹೇಳದೇ ಇದ್ದ ಅಂಪೈರನ ತಪ್ಪೊಂದು ಅನುವಾದದಲ್ಲಿ ಸೇರಿಕೊಳ್ಳುತ್ತಿತ್ತು. ಭದ್ರಾವತಿಯಲ್ಲಿ ಹುಟ್ಟಿದ ಆಟಗಾರ ತನ್ನ ತಪ್ಪಿನಿಂದಲೇ ಔಟಾಗುವುದುಂಟೆ! ಆ ಅನುವಾದಕನಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಮಾರಬೇಕಾದ ಸರಕೂ ಅವನಲ್ಲಿರಲಿಲ್ಲ. ಕೇಳುವವರ ಮುಖ ನೋಡಿ ಅವನು ಹಾಗೆ ಹೇಳುತ್ತಿದ್ದ, ಅಷ್ಟೆ. ಕ್ರಿಕೆಟ್ ವರದಿಗಳ ಪಕ್ಷಪಾತವನ್ನು ಕುರಿತು ಯೋಚಿಸುವಾಗ ನನಗೆ ಮೊದಲು ನೆನಪಾಗುವವನು ಅವನೇ.

ಪಕ್ಷಪಾತವೆಂದರೆ ಸುಳ್ಳು ಹೇಳುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕ್ರಿಕೆಟ್ಟಿನಲ್ಲಿ ಸುಳ್ಳು ಹೇಳುವುದು ಕಷ್ಟ. ರನ್ನು, ವಿಕೆಟ್ಟು, ಓವರುಗಳೆಲ್ಲ ಅಂಕಪಟ್ಟಿಯಲ್ಲಿ ಅಚ್ಚಾಗಿಬಿಡುತ್ತವೆ. ಆದ್ದರಿಂದ ಇಲ್ಲಿ ಪಕ್ಷಪಾತ ಇನ್ನೊಂದು ದಾರಿ ಹಿಡಿಯುತ್ತದೆ. ಐದು ದಿನಗಳ ಆಟದಿಂದ ಯಾವ ಐದು ನಿಮಿಷಗಳನ್ನು ಎತ್ತಿಕೊಳ್ಳಬೇಕು, ಯಾರ ಹೆಸರನ್ನು ತಲೆಬರಹಕ್ಕೆ ಏರಿಸಬೇಕು ಎಂಬ ಆಯ್ಕೆಯಲ್ಲಿ ಅದು ಅಡಗಿರುತ್ತದೆ. 1974ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕವು ಮುಂಬಯಿಯನ್ನು ಮೊದಲ ಇನ್ನಿಂಗ್ಸ್‌ನ ಮುನ್ನಡೆಯಿಂದ ಹೊರದೂಡಿತು. ಸತತವಾಗಿ ಹದಿನೈದು ವರ್ಷ ಪ್ರಶಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ತಂಡ ಅದು. ಆ ಕತೆಯನ್ನು ನಾವು ಹೇಳುವಾಗ ಪ್ರಸನ್ನ ಅವರು ಗಾವಸ್ಕರರನ್ನು ಬೌಲ್ಡ್ ಮಾಡಿದ ಚೆಂಡು ಬರುತ್ತದೆ, ವಿಶ್ವನಾಥರ ಶತಕ ಬರುತ್ತದೆ. ಮುಂಬಯಿಯವರು ಹೇಳುವಾಗ, ವಿಶ್ವನಾಥ್ ಇನ್ನಿಂಗ್ಸ್‌ನ ಆರಂಭದಲ್ಲೇ ಎಲ್.ಬಿ. ಆಗಿದ್ದರು, ಅಂಪೈರ್ ಕೊಡಲಿಲ್ಲ ಎಂಬುದೇ ಕತೆಯ ಮೊದಲ ವಾಕ್ಯ. ಎರಡೂ ಕಡೆಯವರು ನಡೆಯದ್ದನ್ನೇನೂ ಹೇಳುತ್ತಿಲ್ಲ.

ಈ ಆಯ್ಕೆಯ ಹಿಂದೆ ತಾರಾಮೋಹವೂ ವ್ಯಾಪಾರವೂ ಸೇರಿಕೊಂಡಾಗ ಏನಾಗುತ್ತದೆಂಬುದಕ್ಕೆ ಮುಲ್ತಾನಿನ ಪಂದ್ಯ ಒಳ್ಳೆಯ ನಿದರ್ಶನ. 2004ರ ಮಾರ್ಚ್ ತಿಂಗಳು. ಸೌರವ್ ಗಂಗೂಲಿ ಗಾಯಗೊಂಡಿದ್ದುದರಿಂದ ತಂಡದ ಹೊಣೆ ರಾಹುಲ್ ದ್ರಾವಿಡರ ಮೇಲೆ ಬಿದ್ದಿತ್ತು. ವೀರೇಂದ್ರ ಸೆಹ್ವಾಗ್ 309 ರನ್ ಗಳಿಸಿ, ಟೆಸ್ಟ್ ಪಂದ್ಯದಲ್ಲಿ ಮುನ್ನೂರರ ಗಡಿ ದಾಟಿದ ಮೊದಲ ಭಾರತೀಯರಾದರು. ಎರಡನೆಯ ದಿನದ ಇಳಿಹೊತ್ತಿನಲ್ಲಿ, ಐದು ವಿಕೆಟ್ಟಿಗೆ 675 ರನ್ ಆಗಿದ್ದಾಗ, ದ್ರಾವಿಡ್ ಇನ್ನಿಂಗ್ಸನ್ನು ಮುಗಿಸಿಕೊಂಡರು. ಆಗ ಸಚಿನ್ ತೆಂಡೂಲ್ಕರ್ 194ರಲ್ಲಿ ಔಟಾಗದೆ ನಿಂತಿದ್ದರು. ಸಂಜೆ ಪತ್ರಕರ್ತರ ಮುಂದೆ ಸಚಿನ್ ತಮಗೆ ನಿರಾಸೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸಾಕಾಯಿತು. ಅಲ್ಲಿಂದ ಮುಂದೆ ಸುದ್ದಿಯೆಲ್ಲ ಆಡದೆ ಉಳಿದ ಆರು ರನ್ನುಗಳದ್ದು.

ಆ ಪಂದ್ಯದಲ್ಲಿ ಉಳಿದದ್ದೇನಾಯಿತು? ಎರಡನೆಯ ಇನ್ನಿಂಗ್ಸ್‌ನಲ್ಲಿ ಅನಿಲ್ ಕುಂಬ್ಳೆ 72 ರನ್ನಿಗೆ ಆರು ವಿಕೆಟ್ ಕಿತ್ತರು. ಭಾರತ ಒಂದು ಇನ್ನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ಭಾರತ ಗೆದ್ದ ಮೊಟ್ಟಮೊದಲ ಟೆಸ್ಟ್ ಅದು. ಅರ್ಧ ಶತಮಾನದಿಂದ ಕಾದ ಗೆಲುವು. ಇಷ್ಟಾದರೂ ಮುಲ್ತಾನ್ ಎಂದೊಡನೆ ಹೆಚ್ಚಿನವರ ಬಾಯಿಗೆ ಬರುವುದು ಡಿಕ್ಲರೇಷನ್ನಿನ ಮಾತು. ಇಬ್ಬರೂ ಆಟಗಾರರು ಕೂತು ಮಾತಾಡಿ ಮನಸ್ಸು ತಿಳಿಮಾಡಿಕೊಂಡ ಮೇಲೂ ಜಗಳ ಮುಗಿಯಲಿಲ್ಲ. 2014ರಲ್ಲಿ ಸಚಿನ್‌ರ ಆತ್ಮಕಥೆ ಹೊರಬಂದಾಗ ಮತ್ತೆ ಹೊಗೆಯಾಡಿತು. ದ್ರಾವಿಡರ ನಿರ್ಧಾರ ಸರಿಯೋ ತಪ್ಪೋ ಎಂಬುದು ಚರ್ಚೆಗೆ ಅರ್ಹವಾದ ವಿಷಯವೇ. ಒಂದು ಓವರ್ ಮೊದಲೇ ಸೂಚನೆ ಕೊಡಬಹುದಿತ್ತು ಎಂದು ನನಗೂ ಅನಿಸಿದೆ. ಆದರೆ ಒಂದು ತಂಡದ ಚಾರಿತ್ರಿಕ ಗೆಲುವು ಇಬ್ಬರು ವ್ಯಕ್ತಿಗಳ ಮನಸ್ತಾಪವಾಗಿ ಕುಗ್ಗಿದ್ದನ್ನು ಚರ್ಚೆಯೆನ್ನಲಾಗದು. ಅದೇ ಪ್ರವಾಸದ ರಾವಲ್ಪಿಂಡಿ ಪಂದ್ಯದಲ್ಲಿ ದ್ರಾವಿಡ್ 270 ರನ್ ಗಳಿಸಿ ಸರಣಿ ಗೆಲ್ಲಿಸಿಕೊಟ್ಟರು. ಜಗಳವಿಲ್ಲದ ರನ್ನುಗಳಿಗೆ ಆಯುಸ್ಸು ಕಡಿಮೆ.

ಜಾವಗಲ್ ಶ್ರೀನಾಥರ ಪಾಲಿಗೆ ಇದಕ್ಕಿಂತ ಹೆಚ್ಚಿನ ಅನ್ಯಾಯವಾಗಿದೆ. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಅವರು ಮೊದಲು ಐದು, ಆಮೇಲೆ 86 ರನ್ನಿಗೆ ಎಂಟು, ಒಟ್ಟು ಹದಿಮೂರು ವಿಕೆಟ್ ಪಡೆದರು. ಮೊದಲ ದಿನ ಪಾಕಿಸ್ತಾನದ ಆರು ವಿಕೆಟ್ 26 ರನ್ನಿಗೆ ಉರುಳಿದ್ದವು. ಭಾರತದ ನೆಲದ ಒಣ ಪಿಚ್ಚಿನಲ್ಲಿ ವೇಗದ ಬೌಲರೊಬ್ಬ ಇಷ್ಟು ಮಾಡುವುದು ಎಂಥ ದುಡಿಮೆಯೆಂದು ಆಟ ಬಲ್ಲವರಿಗೆ ಗೊತ್ತು. ಆದರೆ ಸಚಿನ್ ಶೋಯೆಬ್ ಅಖ್ತರರಿಗೆ ಡಿಕ್ಕಿಯಾಗಿ ರನೌಟಾದರು, ಜನ ರೊಚ್ಚಿಗೆದ್ದರು, ಕಡೆಯ ದಿನ ಪೊಲೀಸರು ಪ್ರೇಕ್ಷಕರನ್ನು ಹೊರಗಟ್ಟಿ, ಬರಿದಾದ ಈಡನ್ ಗಾರ್ಡನ್ಸ್‌ನಲ್ಲಿ ಆಟ ಮುಗಿಸಬೇಕಾಯಿತು. ಭಾರತ 46 ರನ್ನುಗಳಿಂದ ಸೋತಿತು. ಆ ಪಂದ್ಯವೆಂದರೆ ಇಂದಿಗೂ ಗಲಭೆ. ಹದಿಮೂರು ವಿಕೆಟ್ಟುಗಳನ್ನು ಅಂಕಪಟ್ಟಿ ತೆಗೆದು ಹುಡುಕಬೇಕು.

ಮೌನವೂ ಪಕ್ಷಪಾತವೇ. ಕಡೂರು ನಮ್ಮ ಜಿಲ್ಲೆಯದೇ ಬಯಲುಸೀಮೆಯ ಊರು. ಅಲ್ಲಿಯ ವೇದಾ ಕೃಷ್ಣಮೂರ್ತಿ 2011ರಿಂದಲೇ ಭಾರತದ ಪರ ಆಡುತ್ತಿದ್ದರು. ಆದರೆ ಕಾಫಿ ಸೀಮೆಯ ನಮಗೆ ಆ ಹೆಸರು ಸರಿಯಾಗಿ ಕಿವಿಗೆ ಬಿದ್ದದ್ದು 2017ರ ಜುಲೈಯಲ್ಲಿ. ಸೋತರೆ ವಿಶ್ವಕಪ್‌ನಿಂದ ಹೊರಬೀಳಬೇಕಾಗಿದ್ದ ಪಂದ್ಯದಲ್ಲಿ, ನ್ಯೂಜಿಲೆಂಡಿನ ವಿರುದ್ಧ ಅವರು 45 ಎಸೆತಗಳಲ್ಲಿ 70 ರನ್ ಗಳಿಸಿದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ ಐದು ವಿಕೆಟ್ ಪಡೆದರು. ಬೆಂಗಳೂರಿನ ಶಾಂತಾ ರಂಗಸ್ವಾಮಿ ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿಯಾದದ್ದು 1976ರಲ್ಲಿ. ಆ ನಲವತ್ತು ವರ್ಷಗಳಲ್ಲಿ ಇವರ ಆಟ ಪತ್ರಿಕೆಗಳಲ್ಲಿ ಪುಟದ ತಳದ ನಾಲ್ಕು ಸಾಲಾಗಿತ್ತು. 2017ರ ವಿಶ್ವಕಪ್ ಶುರುವಾಗುವ ಮುನ್ನ ಪತ್ರಕರ್ತನೊಬ್ಬ ನಾಯಕಿ ಮಿತಾಲಿ ರಾಜರನ್ನು ನಿಮ್ಮ ಮೆಚ್ಚಿನ ಪುರುಷ ಆಟಗಾರ ಯಾರು ಎಂದು ಕೇಳಿದ. ಮೆಚ್ಚಿನ ಆಟಗಾರ್ತಿ ಯಾರೆಂದು ಗಂಡಸರನ್ನು ಕೇಳುತ್ತೀರಾ ಎಂದು ಅವರು ತಿರುಗಿ ಕೇಳಿದರು. ತಮಾಷೆಯೆಂದರೆ ಆ ಉತ್ತರಕ್ಕೆ ಸಿಕ್ಕ ಪ್ರಚಾರ ಅದುವರೆಗಿನ ಅವರ ಎಷ್ಟೋ ಇನ್ನಿಂಗ್ಸ್‌ಗಳಿಗೆ ಸಿಕ್ಕಿರಲಿಲ್ಲ.

ಇದೆಲ್ಲ ಹೇಗೆ ಇಷ್ಟು ಬಲಿಯಿತು ಎಂಬುದನ್ನು ತಿಳಿಯಲು ಹಣದ ಜಾಡು ಹಿಡಿಯಬೇಕು. ಬಹುಕಾಲ ಪಂದ್ಯಗಳ ಪ್ರಸಾರ ಆಕಾಶವಾಣಿ ಮತ್ತು ದೂರದರ್ಶನಗಳ ಕೈಯಲ್ಲಿತ್ತು. 1993ರಲ್ಲಿ ಹೀರೋ ಕಪ್ ಪಂದ್ಯಾವಳಿಯ ಪ್ರಸಾರದ ಬಗ್ಗೆ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರಕಾರಕ್ಕೂ ವ್ಯಾಜ್ಯ ಹುಟ್ಟಿತು. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು, ಅವುಗಳ ಮೇಲೆ ಸರಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಉದಾತ್ತವಾದ ತೀರ್ಪು. ಆದರೆ ಆ ಸಾರ್ವಜನಿಕರ ಸೊತ್ತಿನ ಮೇಲೆ ಹರಿದು ಬರುವ ಆಟ ಹರಾಜಿಗೆ ಬಿತ್ತು. ಮಾರುವವರು ಕ್ರಿಕೆಟ್ ಮಂಡಳಿ. ಕೋಟಿಗಟ್ಟಲೆ ತೆತ್ತು ಕೊಳ್ಳುವವರು ಖಾಸಗಿ ಚಾನೆಲ್ಲುಗಳು. ಆರು ಎಸೆತಕ್ಕೊಮ್ಮೆ ಬಿಡುವು ಕೊಡುವ ಆಟ ಜಾಹೀರಾತಿಗೆ ಹೇಳಿ ಮಾಡಿಸಿದಂತಿದೆ. ಅಷ್ಟು ಹಣ ಕೊಟ್ಟವನಿಗೆ ಪ್ರತಿ ಪಂದ್ಯವೂ ಮಹಾಸಮರವಾಗಲೇಬೇಕು. ಪಂದ್ಯ ಸಪ್ಪೆಯಾದರೆ ಆಟಗಾರರ ನಡುವೆ ಕಿಡಿ ಹುಡುಕಬೇಕು. ಹಕ್ಕು ಕೊಳ್ಳಲಾಗದ ಸುದ್ದಿ ಚಾನೆಲ್ಲುಗಳ ಪಾಡು ಇನ್ನೂ ಬೇರೆ. ಆಟವನ್ನು ತೋರಿಸುವಂತಿಲ್ಲವಾದ್ದರಿಂದ ಆಟದ ಸುತ್ತಲಿನ ಜಗಳವನ್ನೇ ಅವು ತೋರಿಸಬೇಕು.

ಇದರ ಇನ್ನೊಂದು ಫಲ ಹೆಚ್ಚು ಸೂಕ್ಷ್ಮವಾದದ್ದು. ವಿವರಣೆಕಾರರ ನೇಮಕದಲ್ಲಿ ಮಂಡಳಿಯೇ ಕೈಹಾಕಿತು. ಕೆಲವು ಪ್ರಸಿದ್ಧರೊಡನೆ ನೇರವಾಗಿ ಒಪ್ಪಂದ ಮಾಡಿಕೊಂಡಿತು. 2013ರ ಭಾರತ ಪ್ರವಾಸದ ಹೊತ್ತಿಗೆ ಆಸ್ಟ್ರೇಲಿಯಾದ ಇಯಾನ್ ಚಾಪೆಲ್, ತಂಡದ ಆಯ್ಕೆ ಮತ್ತು ಆಡಳಿತದಂಥ ವಿಷಯಗಳನ್ನು ಎತ್ತಬಾರದೆಂಬ ನಿರ್ಬಂಧವನ್ನು ಒಪ್ಪದೆ, ವಿವರಣೆಯ ಕೆಲಸವನ್ನೇ ಬಿಟ್ಟುಕೊಟ್ಟರು. ಗೋಣಿಬೀಡಿನ ಜಗಲಿಯ ಅನುವಾದಕ ಪ್ರೀತಿಯಿಂದ ಮಾಡುತ್ತಿದ್ದುದನ್ನು ಇಲ್ಲಿ ಕರಾರುಪತ್ರದ ಮೇಲೆ ಮಾಡಬೇಕಾಗಿತ್ತು.

ಕಡೆಯದಾಗಿ 2008ರ ಜನವರಿ. ನಮ್ಮಲ್ಲಿ ಕಾಫಿ ಕೊಯ್ಲಿನ ದಿನಗಳು. ಕಣದಲ್ಲಿ ಹಣ್ಣು ಹರವುವ ಮುನ್ನವೇ, ನಸುಕಿನ ಚಳಿಯಲ್ಲಿ, ಟೆಲಿವಿಷನ್ನಿನ ಮುಂದೆ ಕುಳಿತು ಸಿಡ್ನಿಯ ಟೆಸ್ಟ್ ನೋಡಿದವರು ಊರಿನಲ್ಲಿ ಬಹಳ ಮಂದಿ. ಕುಂಬ್ಳೆ ಭಾರತದ ನಾಯಕರಾಗಿದ್ದರು. ಅಂಪೈರುಗಳಿಂದ ಘೋರ ತಪ್ಪುಗಳಾದವು: 30ರಲ್ಲಿ ಕ್ಯಾಚು ಕೊಟ್ಟಿದ್ದ ಸೈಮಂಡ್ಸ್ ಉಳಿದುಕೊಂಡು 162 ಹೊಡೆದರು, ಬ್ಯಾಟಿಗೆ ತಾಗದ ಚೆಂಡಿಗೆ ದ್ರಾವಿಡ್ ಔಟೆನಿಸಿಕೊಂಡರು. ಸೈಮಂಡ್ಸ್‌ರನ್ನು ಕೋತಿ ಎಂದು ಜರೆದರೆಂಬ ಆರೋಪ ಹರ್ಭಜನ್ ಸಿಂಗರ ಮೇಲೆ ಬಂತು. ಭಾರತದ ಚಾನೆಲ್ಲುಗಳು ದೇಶಕ್ಕೇ ಅವಮಾನವಾಯಿತೆಂದು ದಿನವಿಡೀ ಕೂಗಿದವು. ಬೀದಿಯಲ್ಲಿ ಅಂಪೈರುಗಳ ಪ್ರತಿಕೃತಿಗಳು ಉರಿದವು. ಮೂರು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ವಡೋದರಾ ಮತ್ತು ಮುಂಬಯಿಯ ಪ್ರೇಕ್ಷಕರು ಇದೇ ಸೈಮಂಡ್ಸ್‌ರನ್ನು ಕೋತಿಯಂತೆ ಅಣಕಿಸಿದ್ದರು. ಅದರ ನೆನಪನ್ನು ಈ ಕೂಗಿನ ನಡುವೆ ಎತ್ತಿದವರು ವಿರಳ. ಅತ್ತ ಸಿಡ್ನಿಯ ಪತ್ರಿಕೆಯಲ್ಲಿ ಪೀಟರ್ ರೋಬಕ್ ಎಂಬ ಅಂಕಣಕಾರರು ಆಸ್ಟ್ರೇಲಿಯಾದ ನಾಯಕ ಪಾಂಟಿಂಗ್‌ರನ್ನೇ ತೆಗೆಯಬೇಕೆಂದು ಬರೆದು ತಮ್ಮ ಓದುಗರ ಸಿಟ್ಟಿಗೆ ಗುರಿಯಾದರು. ಅವರು ಹೇಳಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಮುಂದೆ ಕೂತವರ ಮುಖ ನೋಡಿ ಹೇಳಿದ ಮಾತಲ್ಲ ಅದು.

ಪಂದ್ಯ ಸೋತ ಸಂಜೆ ಕುಂಬ್ಳೆ, ಆಟದ ಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡ ಎಂದರು. 1933ರಲ್ಲಿ ಅಡಿಲೇಡಿನಲ್ಲಿ ಆಸ್ಟ್ರೇಲಿಯಾದ ನಾಯಕ ವುಡ್‌ಫುಲ್ ಇಂಗ್ಲೆಂಡಿನವರಿಗೆ ಹೇಳಿದ ಮಾತಿನ ಧಾಟಿ ಅದು. ಆ ಒಂದು ವಾಕ್ಯವನ್ನು ಚಾನೆಲ್ಲುಗಳು ಎಷ್ಟು ಸಲ ತೋರಿಸಿದವೋ ಲೆಕ್ಕವಿಲ್ಲ. ಅದನ್ನು ಹೇಳುವ ಮೊದಲು ಕುಂಬ್ಳೆ ಕೊನೆಯ ದಿನ, ಎದುರಿನಲ್ಲಿ ವಿಕೆಟ್ಟುಗಳು ಬೀಳುತ್ತಿದ್ದಂತೆ, ಪಂದ್ಯ ಉಳಿಸಲು ಬ್ಯಾಟು ಹಿಡಿದು ನಿಂತು ಔಟಾಗದೆ 45 ರನ್ ಗಳಿಸಿದ್ದರು. ಎರಡು ವಾರದೊಳಗೆ ಪರ್ತ್‌ನಲ್ಲಿ ಅವರು 600ನೆಯ ಟೆಸ್ಟ್ ವಿಕೆಟ್ ಪಡೆದರು. ಭಾರತ 72 ರನ್ನುಗಳಿಂದ ಗೆದ್ದಿತು. ಸಿಡ್ನಿಯ ಪಂದ್ಯ ಮುಗಿದ ವಾರ ನಮ್ಮೂರಿನ ಅಂಗಡಿಯಲ್ಲಿ ಆಸ್ಟ್ರೇಲಿಯನ್ನರ ನಡತೆಯನ್ನು ಕುರಿತು ಬಿಸಿ ಬಿಸಿ ಮಾತು ನಡೆಯಿತು. ಆ 45 ರನ್ನುಗಳ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.