ಕೊಂಡ ಕಾರಖಾನೆಯೂ ಕರಗುವ ಬೆಟ್ಟವೂ

ಸಂಡೂರು ಸೀಮೆಯ ದೋಣಿಮಲೈ ಗಣಿಯಲ್ಲಿ 2018ನೆಯ ನವೆಂಬರಿನಿಂದ 2021ನೆಯ ಫೆಬ್ರವರಿಯವರೆಗೆ ಯಂತ್ರಗಳು ಮೌನವಾಗಿದ್ದುವು. ಬೆಟ್ಟದಲ್ಲಿ ಅದಿರು ತೀರಿರಲಿಲ್ಲ, ಕೊಳ್ಳುವವರೂ ಇಲ್ಲದಿರಲಿಲ್ಲ. ತೀರಿದ್ದುದು ಗುತ್ತಿಗೆಯ ಅವಧಿ. ಅದನ್ನು ಮುಂದುವರಿಸಬೇಕಾದರೆ ಅದಿರಿನ ಬೆಲೆಯ ಮೇಲೆ ಶೇಕಡ 80ರಷ್ಟು ಅಧಿಕ ಶುಲ್ಕವನ್ನು ತೆರಬೇಕೆಂದು ರಾಜ್ಯ ಸರ್ಕಾರವು ಕೇಳಿತು. ಗಣಿಯನ್ನು ನಡೆಸುತ್ತಿದ್ದ ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಒಪ್ಪಲಿಲ್ಲ. ಸರ್ಕಾರದ ಸಂಸ್ಥೆಗೇ ಈ ಗತಿಯಾದ ಮೇಲೆ, ಅದೇ ಬೆಟ್ಟಸಾಲನ್ನು ನಂಬಿರುವ ಖಾಸಗಿ ಸಂಸ್ಥೆಗಳು ಗುತ್ತಿಗೆ ತೀರಿದ ದಿನದ ಗತಿಯನ್ನು ಮೊದಲೇ ಚಿಂತಿಸುವುದು ವಿವೇಕವೇ ಸರಿ.

ಹೀಗೆ ಚಿಂತಿಸಿದವರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪೆನಿಯೂ ಒಂದು. ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದಲ್ಲಿ ಲೀನವಾದ ಐದು ವರ್ಷಗಳ ತರುವಾಯ, 1954ರಲ್ಲಿ, ಘೋರ್ಪಡೆ ಮನೆತನದವರು ಇದನ್ನು ಸ್ಥಾಪಿಸಿದರು. ದೇವಗಿರಿ ಮೊದಲಾದೆಡೆಗಳಲ್ಲಿರುವ ಇದರ ಗಣಿಗಳ ಗುತ್ತಿಗೆಯು 2033ನೆಯ ಡಿಸೆಂಬರ್ 31ಕ್ಕೆ ಮುಗಿಯುವುದು. 2015ರಲ್ಲಿ ತಿದ್ದುಪಡಿಯಾದ ಶಾಸನದ ಮೇರೆಗೆ ಅನಂತರ ಅವು ಹರಾಜಿಗೆ ಬರಬೇಕು. ಈ ಕಂಪೆನಿಯು 2024ನೆಯ ಏಪ್ರಿಲಿನಲ್ಲಿ ಅರ್ಜಾಸ್ ಸ್ಟೀಲ್ ಎಂಬ ಉಕ್ಕಿನ ಸಂಸ್ಥೆಯನ್ನು ಕೊಳ್ಳುವುದಾಗಿ ಸಾರಿ, ಅದೇ ವರ್ಷದ ನವೆಂಬರಿನಲ್ಲಿ ವ್ಯವಹಾರವನ್ನು ಪೂರೈಸಿತು. ಅರ್ಜಾಸಿನ ಮುಖ್ಯ ಕಾರಖಾನೆಯು ನೆರೆಯ ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿದೆ. ಮೋಟಾರು ವಾಹನಗಳಿಗೆ ಬೇಕಾಗುವ ವಿಶೇಷ ಉಕ್ಕು ಅಲ್ಲಿ ತಯಾರಾಗುತ್ತದೆ. ಸಾಲವೂ ಸೇರಿ ಇಡೀ ಉದ್ಯಮಕ್ಕೆ ಕಟ್ಟಿದ ಬೆಲೆ 3,000 ಕೋಟಿ ರೂಪಾಯಿ. ಶೇಕಡ 80 ಭಾಗವು ಕಂಪೆನಿಗೂ, ಉಳಿದುದರ ಬಹ್ವಂಶವು ಪ್ರವರ್ತಕರಿಗೆ ಸೇರಿದ ಬಿ.ಎ.ಜಿ. ಹೋಲ್ಡಿಂಗ್ಸ್ ಎಂಬ ಸಂಸ್ಥೆಗೂ ಸಂದಿತು.

ಗಣಿಯ ಕಂಪೆನಿಯು ಹೀಗೆ ಉಕ್ಕಿನ ಕಂಪೆನಿಗೆ ಮಾತೃಸಂಸ್ಥೆಯಾಯಿತು. ಇದು ಲಾಭದ ಕೊಳ್ಳುವಿಕೆಯೇ? ಒಟ್ಟು ವಹಿವಾಟು ಹೆಚ್ಚಿತೆಂದು ಹಿಗ್ಗುವವರನ್ನೂ, ಸಾಲ ಹೆಚ್ಚಿತೆಂದು ಹೆದರುವವರನ್ನೂ ನಾವು ಕಂಡಿದ್ದೇವೆ. ಇವೆರಡೂ ತೀರ್ಮಾನಗಳಲ್ಲ. ಎರಡು ಕುಟುಂಬಗಳು ಒಂದಾದರೆ ಊಟದ ಎಲೆಗಳು ಹೆಚ್ಚುವುವು. ಮನೆ ಸಿರಿವಂತವಾಯಿತೆಂದು ಅದರಿಂದ ಹೇಳಲಾಗದು.

ಲೆಕ್ಕವನ್ನು ಬಡ್ಡಿಯಿಂದ ಆರಂಭಿಸಬೇಕು. ಉದಾಹರಣೆಗೆ, 3,000 ಕೋಟಿಯ ಬಂಡವಳಕ್ಕೆ ವರ್ಷಕ್ಕೆ ಶೇಕಡ 10ರ ಪ್ರತಿಫಲ ಸಾಕೆಂದು ಇಟ್ಟುಕೊಳ್ಳೋಣ. ವರ್ಷವೊಂದಕ್ಕೆ 300 ಕೋಟಿ ಬರಬೇಕು. ಮೊದಲ ಮೂರು ವರ್ಷ ಅದರ ಅರ್ಧ ಮಾತ್ರ ಬಂದರೆ, ಕೊರತೆಯು ಚಕ್ರಬಡ್ಡಿಯಿಂದ ಬೆಳೆದು, ನಾಲ್ಕನೆಯ ವರ್ಷದ ಮೊದಲಿಗೆ ವಸೂಲಾಗಬೇಕಾದ ಅಸಲು ಸುಮಾರು 3,496 ಕೋಟಿಯಾಗುವುದು. ಅಲ್ಲಿಂದ ಮುಂದೆ ವರ್ಷಕ್ಕೆ 350 ಕೋಟಿ ಬಂದರೇ ಸಮ. ತಡವಾಗಿ ಬರುವ ಲಾಭಕ್ಕೆ ಬೆಲೆಯು ಕಡಮೆ; ವಾರ್ಷಿಕ ಸಭೆಗಳಲ್ಲಿ ಬಹಳವಾಗಿ ಮರೆತುಹೋಗುವ ಸತ್ಯವಿದು.

ಹತ್ತು ಹದಿನೈದು ವರ್ಷ ಕಾಯದೆ ಇಂಥ ವ್ಯವಹಾರವನ್ನು ಅಳೆಯಲಾಗದೆಂಬುದಕ್ಕೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೇ ನಿದರ್ಶನವಿದೆ. ಅಲ್ಲಿ ಬೆಳೆದ ಜೆ.ಎಸ್.ಡಬ್ಲ್ಯು. ಸ್ಟೀಲ್ ಸಂಸ್ಥೆಯು 2007ರಲ್ಲಿ ಅಮೆರಿಕದ ಬೇಟೌನಿನಲ್ಲಿ ತಗಡು ಮತ್ತು ಕೊಳವೆಗಳ ಕಾರಖಾನೆಯನ್ನು ಕೊಂಡಿತು. ಆಗ ಅದು ಹೆಮ್ಮೆಯ ವಾರ್ತೆ. ಮರುವರ್ಷವೇ ಲೋಕದ ಪೇಟೆ ಕುಸಿಯಿತು. ಕೊಳವೆಯ ಬೇಡಿಕೆಯು ಎಣ್ಣೆಯ ಬೆಲೆಯೊಡನೆ ಏರಿಳಿಯಿತು. ಕಡೆಗೆ ಆ ಆಸ್ತಿಯ ಬೆಲೆಯನ್ನು ಲೆಕ್ಕಪುಸ್ತಕದಲ್ಲಿ ಇಳಿಸಬೇಕಾಯಿತು. ಅದೇ ಸಂಸ್ಥೆಯು 2010ರಲ್ಲಿ ನಷ್ಟದಲ್ಲಿದ್ದ ಇಸ್ಪಾತ್ ಕಂಪೆನಿಯನ್ನು ಕೈಗೆತ್ತಿಕೊಂಡಾಗ ಅನೇಕರು ತಲೆಯಲ್ಲಾಡಿಸಿದರು. ಮಹಾರಾಷ್ಟ್ರದ ದೋಳ್ವಿಯಲ್ಲಿದ್ದ, ವರ್ಷಕ್ಕೆ 33 ಲಕ್ಷ ಟನ್ನಿನ ಆ ಕಾರಖಾನೆಯು ಒಂದು ಕೋಟಿ ಟನ್ನಿನದಾಗಿ ಬೆಳೆದಿದೆ. ಕಡಲ ದಂಡೆಯ ಸ್ಥಳ, ದೇಶದೊಳಗಿನ ಪೇಟೆ, ಬೆಳೆಸಲು ಅವಕಾಶ, ಇವು ಅಲ್ಲಿ ಇದ್ದುವು. ಆದರೆ ಬೆಳೆಸಲು ಸುರಿದ ಹಣವನ್ನೂ ಕೊಂಡ ಬೆಲೆಗೆ ಸೇರಿಸಿಯೇ ಆ ಫಲವನ್ನು ಎಣಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ನಾವು ಹಿಂದೊಮ್ಮೆ ಸಾಲ ಮಾಡಿ ನಮ್ಮ ಮುದ್ರಣಾಲಯಕ್ಕೆ ಎರಡನೆಯ ಯಂತ್ರವನ್ನು ಕೊಂಡೆವು. ವರ್ಷಾಂತ್ಯದಲ್ಲಿ ಅದರ ಸಂಪಾದನೆಯನ್ನು ಕಂಡು ಹಿಗ್ಗಿದೆವು. ನಮ್ಮ ಲೆಕ್ಕಿಗರು ಮಾತ್ರ ಹಿಗ್ಗಲಿಲ್ಲ. ಮೊದಲ ಯಂತ್ರದ ಕೆಲಸವನ್ನೇ ಎರಡನೆಯದಕ್ಕೆ ನಾವು ವರ್ಗಾಯಿಸಿದ್ದೆವೆಂದು ಅವರು ತೋರಿಸಿದಾಗ, ಬಡ್ಡಿಯನ್ನೂ ದುರಸ್ತಿಯನ್ನೂ ಕಳೆದು ಉಳಿದುದು ಅತ್ಯಲ್ಪ. ಸಂಡೂರಿನ ಅದಿರು ತಾಡಪತ್ರಿಗೆ ಪೇಟೆಯ ಬೆಲೆಗಿಂತ ಕಡಮೆಗೆ ಹೋದರೆ ಕಾರಖಾನೆಯ ಲಾಭ ಹೆಚ್ಚಾಗಿ ಕಾಣುವುದು. ವಾಸ್ತವದಲ್ಲಿ ಅದು ಬೆಟ್ಟದ ಲಾಭವೇ ಬೇರೆ ವೇಷ ತೊಟ್ಟು ಬಂದುದಾಗಿರುವುದು. ಹೀಗೆ ನಡೆದಿದೆಯೆಂದು ನಾವು ಹೇಳುತ್ತಿಲ್ಲ. ನಡೆದಿಲ್ಲವೆಂದು ಕಾಣುವಂತೆ ಲೆಕ್ಕವಿರಬೇಕೆನ್ನುತ್ತೇವೆ. ಅರ್ಜಾಸಿನಲ್ಲಿ ಪ್ರವರ್ತಕರಿಗೆ ಪ್ರತ್ಯೇಕ ಪಾಲು ಇರುವುದರಿಂದ ಈ ಸ್ಪಷ್ಟತೆಯು ಮತ್ತಷ್ಟು ಅವಶ್ಯ.

ಬೆಟ್ಟದ ಹಣವು ಬೆಳೆಯ ಹಣದಂತಲ್ಲ. ಹೊಲವು ಮರುವರ್ಷವೂ ಕೊಡುವುದು. ಅಗೆದ ಅದಿರು ಮರಳಿ ಬೆಳೆಯದು. ಆದುದರಿಂದ ಗಣಿಯ ಆದಾಯದಲ್ಲಿ ಒಂದಂಶವು ಲಾಭ, ಮತ್ತೊಂದಂಶವು ಕರಗುತ್ತಿರುವ ಅಸಲು. ಆ ಅಸಲನ್ನು ಉಂಡು ತೀರಿಸದೆ, ಗುತ್ತಿಗೆಯ ಹಂಗಿಲ್ಲದ ಕಾರಖಾನೆಯಾಗಿ ಮಾರ್ಪಡಿಸುವ ಯತ್ನವು ಶ್ಲಾಘನೀಯವೆಂದೇ ನಮ್ಮ ಮತ. ಕಚ್ಚಾ ಅದಿರನ್ನು ಹೊರಗೆ ಸಾಗಿಸಿ ಉಕ್ಕನ್ನು ಹೊರಗಿನಿಂದ ಕೊಳ್ಳುವ ದುರವಸ್ಥೆಗಿಂತ ಇದು ಎಷ್ಟೋ ಮೇಲು. ಆದರೆ ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಕೊಟ್ಟ ಬೆಲೆಯು ಸರಿಯಾಗದು.

ಹೊಸಪೇಟೆ, ಬಳ್ಳಾರಿಗಳಲ್ಲಿ ಉಳಿತಾಯದ ಹಣವನ್ನು ಇಂಥ ಷೇರುಗಳಲ್ಲಿ ತೊಡಗಿಸುವ ನೌಕರರೂ ನಿವೃತ್ತರೂ ವರ್ಷವರ್ಷವೂ ಕೇಳಬೇಕಾದುವು ನಾಲ್ಕೇ ಸಂಗತಿಗಳು: ಕೊಂಡ ಬೆಲೆಗೆ ಮೇಲೆ ಸುರಿದ ಹಣವೆಷ್ಟು, ಬಡ್ಡಿ ಹೋಗಿ ಉಳಿದ ನಗದೆಷ್ಟು, ಅದಿರನ್ನು ಯಾವ ಬೆಲೆಗೆ ಕೊಟ್ಟುದು, ಲೆಕ್ಕದಿಂದ ತೊಡೆದುಹಾಕಿದ ಮೊತ್ತವೆಷ್ಟು. ಸಂಡೂರಿನ ಜನರು ಐದನೆಯದನ್ನೂ ಕೇಳಬಹುದು: ಕಾರಖಾನೆಯು ಆಂಧ್ರದಲ್ಲಿರುವಾಗ, ಅದಿರು ಹೋದ ಮೇಲೆ ಇಲ್ಲಿ ಉಳಿಯುವ ಉದ್ಯೋಗವಾವುದು?

2034ನೆಯ ಜನವರಿ 1ರ ಬೆಳಿಗ್ಗೆ, ಗಣಿಯ ಗುತ್ತಿಗೆಯು ಕೈತಪ್ಪಿದೆಯೆಂದು ಎಣಿಸಿ, ಪೇಟೆಯ ಬೆಲೆಗೆ ಅದಿರು ಕೊಂಡು, ಸಾಲವನ್ನು ಸಲ್ಲಿಸಿ, ಕಾರಖಾನೆಯು ತನ್ನ ಕಾಲ ಮೇಲೆ ತಾನು ನಿಂತರೆ, ಆಗ ಅದನ್ನು ಒಳ್ಳೆಯ ಕೊಳ್ಳುವಿಕೆಯೆನ್ನೋಣ. ಅಲ್ಲಿಯವರೆಗೆ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಬದಿಗಿಟ್ಟು, ಲೆಕ್ಕಪುಸ್ತಕವನ್ನು ತೆರೆದಿಡುವಂತೆ ಕೇಳುವುದೇ ಲೇಸು.